ಹಳೆಯ ಎಂಜಿನ್ನಿಗೆ ಹೊಸ ಆಜ್ಞೆ

ಮಾದರಿ ರೈಲಿನ ಹಳಿಗಳಲ್ಲಿ ಸದಾ ಹರಿಯುವ ಸುಮಾರು 14 ವೋಲ್ಟಿನ ವಿದ್ಯುತ್ತಿನ ಸ್ಪಂದನಗಳಲ್ಲಿಯೇ ಪ್ರತಿಯೊಂದು ಎಂಜಿನ್ನಿಗೂ ಪ್ರತ್ಯೇಕ ಆಜ್ಞೆಯನ್ನಡಗಿಸುವ ಡಿಜಿಟಲ್ ಪದ್ಧತಿಯು, ಜರ್ಮನಿಯ ಲೆನ್ಜ್ ಸಂಸ್ಥೆಯಲ್ಲಿ ರೂಪುಗೊಂಡು, 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘದ ಮನ್ನಣೆ ಪಡೆಯಿತು. ಆದರೆ ನನ್ನ ಮೆಚ್ಚುಗೆಯೆಲ್ಲ ಸಲ್ಲುವುದು, ಅದಕ್ಕೂ ಮೊದಲೇ ಹುಟ್ಟಿದ ಅಥರ್ನ್ ಕಂಪನಿಯ ‘ನೀಲಿ ಪೆಟ್ಟಿಗೆ’ಯ ಎಂಜಿನ್ನುಗಳನ್ನು ಈ ಆಜ್ಞೆಗೆ ಒಗ್ಗಿಸುವ ಕೈಗಳಿಗೆ. ಲೋಹದ ಚೌಕಟ್ಟಿಗೆ ತಾಗಿಕೊಂಡಿರುವ ಮೋಟಾರಿನ ಅಡಿಯ ಕ್ಲಿಪ್ಪನ್ನು ಬಿಡಿಸಿ, ಟೇಪು ಹಾಸಿ ಅದರ ಸಂಪರ್ಕವನ್ನು ಸಂಪೂರ್ಣ ತಪ್ಪಿಸಿ, ಆಜ್ಞೆಯನ್ನು ಓದುವ ಡಿಕೋಡರಿನ ಕೆಂಪು-ಕಪ್ಪು ತಂತಿಗಳನ್ನು ಹಳಿಯ ಕಡೆಗೂ ಕಿತ್ತಳೆ-ಬೂದು ತಂತಿಗಳನ್ನು ಮೋಟಾರಿಗೂ ಬೆಸೆದಲ್ಲದೆ ಡಿಕೋಡರು ಬದುಕದು. ಕೆಲವು ನಿಯಂತ್ರಕಗಳಲ್ಲಿ ಡಿಕೋಡರಿಲ್ಲದ ಎಂಜಿನ್ನನ್ನೂ 0 ವಿಳಾಸದಲ್ಲಿ ಓಡಿಸಬಹುದೆಂಬುದು ದಿಟ. ನಿಂತಲ್ಲಿಯೇ ಗುಂಯ್‌ಗುಟ್ಟುತ್ತ ಬಿಸಿಯೇರುವ ಆ ಮೋಟಾರಿನ ಸಂಕಟವನ್ನು ಕೇಳಿ ಸಂತೋಷಪಡುವ ರಸಿಕತೆ ಮಾತ್ರ ನನಗಿಲ್ಲ. ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರಾದರಂತೂ ಸುಟ್ಟೇಹೋದೀತು.