ಇಟ್ಟಿಗೆಯ ಲೆಕ್ಕ ಮತ್ತು ಮುಷ್ಕರದ ಹಕ್ಕು

ಮುಷ್ಕರದ ಕುರಿತ ಧರ್ಮಸಭೆಯ ಬೋಧನೆಯನ್ನು ತರಗತಿಯಲ್ಲಿ ಪಾಠ ಮಾಡುವುದು ಸುಲಭ. 1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ವಿಶ್ವಗುರು ಹದಿಮೂರನೇ ಲಿಯೋ ಅವರು ದೀರ್ಘ ದುಡಿಮೆ, ಅತಿ ಕಠಿಣ ಕೆಲಸ ಹಾಗೂ ಸಾಲದ ಕೂಲಿಯೇ ಮುಷ್ಕರಕ್ಕೆ ಕಾರಣವೆಂದು ಕಂಡು, ಅವನ್ನು ಮೊದಲೇ ನಿವಾರಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಷ್ಕರವನ್ನು ಕೊನೆಯ ಉಪಾಯವೆಂದು ಒಪ್ಪಿತು. 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್'ನಲ್ಲಿ ಸಂತ ಎರಡನೇ ಜಾನ್ ಪಾಲ್ ಅವರು, ಮುಷ್ಕರದಲ್ಲಿ ಪಾಲ್ಗೊಂಡವರು ಅದಕ್ಕಾಗಿ ದಂಡನೆಗೆ ಗುರಿಯಾಗಬಾರದೆಂದರು. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಯಾವ ದಂಡನೆಯೂ ಇಲ್ಲದೆ, ನಾಳೆಯಿಂದ ಬರಬೇಡವೆಂದು ಗೇಟಿನಲ್ಲಿ ಹೇಳಿಸಿಕೊಳ್ಳುವವಳಿಗೆ ಈ ಬೋಧನೆ ಏನು ಹೇಳುತ್ತದೆ?

ಧರ್ಮೋಪದೇಶ ಗ್ರಂಥದ 2435ನೇ ಪರಿಚ್ಛೇದ ಒಂದು ಅಳತೆಗೋಲನ್ನು ಕೊಡುತ್ತದೆ. ಮುಷ್ಕರ ಅನಿವಾರ್ಯವಾಗಿರಬೇಕು, ಇಲ್ಲವೇ ತಕ್ಕ ಪ್ರಯೋಜನಕ್ಕೆ ಅಗತ್ಯವಾಗಿರಬೇಕು. ಹಿಂಸೆ ಬೆರೆತರೆ ಅದು ನೈತಿಕವಾಗಿ ಸಲ್ಲದು. ಈ ಅಳತೆಗೋಲನ್ನು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ನಡೆದುದರ ಪಕ್ಕದಲ್ಲಿ ಇಟ್ಟು ನೋಡೋಣ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಲಾಠಿ ಬೀಸಲಾಯಿತು, ಬಸ್ಸುಗಳು ಉರಿದವು. 19ರ ಸಂಜೆಯೇ ಕೇಂದ್ರ ಆ ನಿಯಮವನ್ನು ಹಿಂಪಡೆಯಿತು.

ಬಸ್ಸಿಗೆ ಬೆಂಕಿಯಿಟ್ಟದ್ದು ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾರೋ ಹಚ್ಚಿದ ಬೆಂಕಿಯಿಂದ, ರಸ್ತೆಯಲ್ಲಿ ಸುಮ್ಮನೆ ಕುಳಿತ ಹೆಣ್ಣುಮಗಳ ಬೇಡಿಕೆಯೂ ಅನೈತಿಕವಾಗುತ್ತದೆಯೇ? ಗ್ರಂಥದ ವಾಕ್ಯ ಇಲ್ಲಿ ಒರಟಾಗಿದೆ. 'ತಕ್ಕ ಪ್ರಯೋಜನ'ದ ತೂಕವೂ ಅಷ್ಟು ಸರಳವಲ್ಲ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಅನೇಕರಿಗೆ ಮಗಳ ಮದುವೆ, ಮಗನ ಶುಲ್ಕ, ಬಡ್ಡಿಸಾಲದ ತೀರಿಕೆ. ಕೆಲಸವನ್ನು ಪಣಕ್ಕಿಡಬಹುದೇ ಎಂದು ನಾವು ಕೇಳುವಾಗ, ಕೆಲಸವೊಂದು ಭದ್ರ ಆಸ್ತಿಯೆಂದು ಮೊದಲೇ ಊಹಿಸಿರುತ್ತೇವೆ. ಅವರಿಗೆ ಭದ್ರವಾಗಿದ್ದುದು ಕೆಲಸವಲ್ಲ, ಅದನ್ನು ಬಿಡಬಲ್ಲೆನೆಂಬ ಆ ಸಣ್ಣ ಗಂಟು.

ಪರಿಪತ್ರಗಳಲ್ಲಿ ನನಗೆ ಕಾಣದಿರುವುದು ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿದೆ. ಮೋಶೆ, ಆರೋನರು ಮೊದಲು ಕೇಳಿದ್ದು ಬಿಡುಗಡೆಯನ್ನಲ್ಲ, ಹಬ್ಬಕ್ಕಾಗಿ ಮೂರು ದಿನದ ಪಯಣವನ್ನು. ಇಂದಿನ ಮಾತಿನಲ್ಲಿ, ರಜೆಯನ್ನು. ಫರೋಹನು ಜನರನ್ನು ಸೋಮಾರಿಗಳೆಂದು ಜರೆದು ಹುಲ್ಲು ಕೊಡುವುದನ್ನು ನಿಲ್ಲಿಸಿದ. ಇಟ್ಟಿಗೆಯ ಲೆಕ್ಕ ಮಾತ್ರ ಇಳಿಯಲಿಲ್ಲ. ಗಂಟೆಗಿಷ್ಟು ತುಂಡೆಂಬ 'ಟಾರ್ಗೆಟ್' ಬಲ್ಲವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಡ. ಪೆಟ್ಟು ತಿಂದವರು ಇಸ್ರಯೇಲರ ಮೇಸ್ತ್ರಿಗಳು. ಅವರು ಮೋಶೆಯ ಮೇಲೆ ಸಿಟ್ಟಾದರು: ಇವನ ಬೇಡಿಕೆ ನಮ್ಮನ್ನು ಕೊಲ್ಲುವ ಕತ್ತಿಯಾಯಿತೆಂದು. ಪ್ರಬೋಧನೆಗಳಲ್ಲಿ ನಾವು ಅವರನ್ನು ಅಲ್ಪವಿಶ್ವಾಸಿಗಳೆಂದು ಬೇಗ ತೀರ್ಮಾನಿಸುತ್ತೇವೆ. ಪವಿತ್ರಗ್ರಂಥ ಅವರನ್ನು ಎಲ್ಲಿಯೂ ಖಂಡಿಸುವುದಿಲ್ಲ. ಮೋಶೆಯೂ ಅವರಿಗೆ ತಾಳ್ಮೆ ಬೋಧಿಸುವುದಿಲ್ಲ; ಆ ದೂರನ್ನೇ ಹೊತ್ತು ದೇವರ ಬಳಿಗೆ ಹಿಂದಿರುಗಿ, ನನ್ನನ್ನು ಏಕೆ ಕಳುಹಿಸಿದೆ ಎಂದು ಕೇಳುತ್ತಾನೆ.

ಮೋಶೆ ಇಟ್ಟಿಗೆ ಹೊಯ್ದವನಲ್ಲ. ನಾವೂ ಅಲ್ಲ. ಮುಷ್ಕರ ಸೋತರೂ ನಮ್ಮ ಊಟದ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತದೆ. ಆದ್ದರಿಂದ ಕಾರ್ಮಿಕರಿಗೆ ಧುಮುಕಿರೆಂದು ಹೇಳುವ ಅಧಿಕಾರ ಗುರುವಿಗೆ ಇಲ್ಲವೆಂದು ನನ್ನ ಅಭಿಪ್ರಾಯ. ಸಹಿಸಿಕೊಳ್ಳಿರೆಂದು ಹೇಳುವ ಅಧಿಕಾರವಂತೂ ಇನ್ನೂ ಕಡಿಮೆ. ನಿರ್ಧಾರ ಅವರದು, ಒಟ್ಟಾಗಿ ಕುಳಿತು ಮಾಡಬೇಕಾದದ್ದು. ಒಬ್ಬೊಬ್ಬರಾಗಿ ಕೇಳಿದವರನ್ನು ಒಬ್ಬೊಬ್ಬರಾಗಿಯೇ ಹೊರಗಟ್ಟುವುದು ಸುಲಭ.

ಕಳೆದ ವರ್ಷ ಇದನ್ನು ಪಾಠ ಮಾಡುತ್ತಿದ್ದಾಗ, ಅಕ್ಕನನ್ನು ಗಾರ್ಮೆಂಟ್ಸಿಗೆ ಕಳುಹಿಸುವ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: "ಸ್ವಾಮಿ, ಅಕ್ಕ ಕೆಲಸ ಕಳೆದುಕೊಂಡರೆ ನಮ್ಮ ಧರ್ಮಕೇಂದ್ರದ ಶಾಲೆ ಅವಳ ಮಗುವಿನ ಶುಲ್ಕವನ್ನು ಎಷ್ಟು ತಿಂಗಳು ಬಿಡುತ್ತದೆ?" ಪರಿಪತ್ರ ನನ್ನ ಕೈಯಲ್ಲೇ ಇತ್ತು. ನಾನು ಉತ್ತರಿಸಲಿಲ್ಲ, ಆ ಸಂಜೆ ಶಾಲೆಯ ವ್ಯವಸ್ಥಾಪಕ ಗುರುಗಳಿಗೆ ಅದೇ ಪ್ರಶ್ನೆಯನ್ನು ಬರೆದು ಕಳುಹಿಸಿದೆ.