ಅಬಲೂರಿನ ಕಲ್ಲು: ಸಾಲು ಹಿಡಿದು ಒಂದು ಓದು

ಹಿರೇಕೆರೂರು ಸೀಮೆಯ ಅಬಲೂರು ಎಂದರೆ ಸರ್ವಜ್ಞನ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 1200ರ ಉದ್ದನೆಯ ಶಾಸನವೊಂದಿದೆ. ಫ್ಲೀಟ್ ಸಾಹೇಬರು ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚು ಹಾಕಿಸಿದರು. ದೇವರ ಅಪ್ಪಣೆ ಅಧಿಕಾರದ ಕೈಸೇರಿದಾಗ ಏನಾಗುತ್ತದೆಂಬುದು ಇದರಲ್ಲಿದೆ; ಹಾಗಾಗಿ ಅಮೆರಿಕದ ವಿದೇಶಾಂಗ ನೀತಿಯಲ್ಲಿ ದೇವರ ಪಾತ್ರವೇನೆಂದು ಚರ್ಚಿಸುವವರು ಈ ಕಲ್ಲನ್ನೂ ಒಮ್ಮೆ ಓದಬೇಕು. ಒಕ್ಕಣೆಯ ಸಾರವನ್ನಷ್ಟೇ ನನ್ನ ಮಾತಿನಲ್ಲಿ ಕೊಟ್ಟು, ಪ್ರತಿ ಸಾಲಿನ ಕೆಳಗೆ ನನ್ನ ಟಿಪ್ಪಣಿ ಸೇರಿಸಿದ್ದೇನೆ.

ಆಳಂದದ ಪುರುಷೋತ್ತಮ ಭಟ್ಟನ ಮಗ ರಾಮ, ಶಿವನಲ್ಲಿ ಏಕಾಂತನಿಷ್ಠೆಯಿಂದ ಏಕಾಂತದ ರಾಮಯ್ಯನಾದ.

ಪರವೂರಿನವನು ಎಂಬುದನ್ನು ನೆನಪಿಟ್ಟರೆ ಸಾಕು.

ಹುಲಿಗೆರೆಯಲ್ಲಿ ಸೋಮನಾಥ ಪ್ರತ್ಯಕ್ಷನಾಗಿ ಅಬ್ಬಲೂರಿಗೆ ಹೋಗೆಂದ.

ಹುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಅಬ್ಬಲೂರು ಎಂದರೆ ನಮ್ಮ ಅಬಲೂರು. ಅಪ್ಪಣೆ ಮೇಲಿನಿಂದ ಬಂದರೆ ಹೊಣೆಯೂ ಮೇಲಕ್ಕೇ ಹೋಗುತ್ತದೆ. ಫಿಲಿಪೈನ್ಸನ್ನು ಏನು ಮಾಡುವುದೆಂದು ಮಂಡಿಯೂರಿ ಪ್ರಾರ್ಥಿಸಿದಾಗ ಉತ್ತರ ಹೊಳೆಯಿತೆಂದು ಅಧ್ಯಕ್ಷ ಮೆಕಿನ್ಲಿ 1899ರಲ್ಲಿ ಮೆಥಡಿಸ್ಟ್ ಪಾದ್ರಿಗಳಿಗೆ ಹೇಳಿದರಂತೆ. ಆ ಮಾತು ಅಚ್ಚಾದದ್ದು 1903ರಲ್ಲಿ, ಅವರು ತೀರಿಕೊಂಡ ಮೇಲೆ. ಕ್ರೈಸ್ತರನ್ನಾಗಿಸಬೇಕಿದ್ದ ಆ ದ್ವೀಪದ ಜನರಲ್ಲಿ ಬಹುಪಾಲು ಆಗಲೇ ಕ್ಯಾಥೊಲಿಕರು! ರಾಮಯ್ಯನ ದರ್ಶನವೂ ನಮಗೆ ಸಿಗುವುದು ಗೆದ್ದವರು ಆಮೇಲೆ ಕೆತ್ತಿಸಿದ ಕಲ್ಲಿನಿಂದಲೇ.

ಅಲ್ಲಿ ರಾಮಯ್ಯ ತನ್ನ ತಲೆ ಅರಿದುಕೊಂಡು ಮರಳಿ ಪಡೆದರೆ ಜಿನನನ್ನು ಕಿತ್ತು ಶಿವನನ್ನು ನಿಲ್ಲಿಸುತ್ತೇವೆಂದು ಜೈನರು ಓಲೆ ಬರೆದುಕೊಟ್ಟರು.

ಪವಾಡಕ್ಕೂ ಕಾಗದಪತ್ರ ಬೇಕು. ಆ ಓಲೆ ಮುಂದೆ ಆಸ್ಥಾನದಲ್ಲಿ ಕೆಲಸಕ್ಕೆ ಬರುತ್ತದೆ.

ಏಳು ದಿನದ ಮೇಲೆ ಅರಿದ ತಲೆ ಕಲೆಯಿಲ್ಲದೆ ಕೂಡಿತು. ಜೈನರು ಮಾತಿಗೆ ತಪ್ಪಲು ಅವನು ಜಿನಬಿಂಬವನ್ನು ಒಡೆದ.

ತಲೆ ಕೂಡಿತೋ ಇಲ್ಲವೋ, ನಂಬುವವರಿಗೆ ಬಿಡೋಣ. ಒಡೆದದ್ದನ್ನಂತೂ ಗುಡಿಯ ಶಿಲ್ಪದಲ್ಲಿ ಹೆಮ್ಮೆಯಿಂದ ಕಡೆದು, ಕೆಳಗೆ ಬರಹವನ್ನೂ ಹಾಕಿದ್ದಾರೆ. ಮಾತಿಗೆ ತಪ್ಪಿದರು ಎಂಬುದು ಒಂದೇ ಪಕ್ಷದ ಹೇಳಿಕೆ. ಎದುರು ಪಕ್ಷದ ಶಂಕಗಾವುಂಡ ಮೊದಲಾದ ಜೈನರ ದನಿ ಈ ಕಲ್ಲಿನಲ್ಲಿ ಎದುರಾಳಿ ಬರೆದುಕೊಂಡಷ್ಟೇ ಕೇಳಿಸುತ್ತದೆ.

ಜೈನರು ಬಿಜ್ಜಳನಿಗೆ ದೂರಿತ್ತರು, ರಾಮಯ್ಯ ಓಲೆ ತೋರಿಸಿ, ಬಸದಿಗಳನ್ನೆಲ್ಲ ಪಣಕ್ಕಿಟ್ಟರೆ ಮತ್ತೊಮ್ಮೆ ತಲೆ ಕೊಡುವೆನೆಂದ, ಅವರು ಹಿಂಜರಿದರು, ಅರಸ ನಕ್ಕು ಜಯಪತ್ರ ಕೊಟ್ಟ.

ಇಡೀ ಶಾಸನದ ಗಂಟು ಇಲ್ಲಿದೆ. ಅಲ್ಲಿಯವರೆಗೆ ಇದು ಒಂದೂರಿನ ಜಗಳ. ಜಯಪತ್ರ ಬಂದೊಡನೆ ಮೂರ್ತಿ ಒಡೆದದ್ದು ನ್ಯಾಯವಾಯಿತು. ಅಲ್ಲಿನ ಶಿವ ವೀರ ಸೋಮನಾಥನಿಗೆ ಗೋಗಾವೆ ಗ್ರಾಮವೂ ದತ್ತಿಯಾಯಿತು. ಚಾಲುಕ್ಯರ ಸಿಂಹಾಸನ ಕಸಿದುಕೊಂಡ ಕಳಚುರಿ ಅರಸನಿಗೆ ಊರೂರಲ್ಲಿ ಜನಬಲವುಳ್ಳವರ ಒಲವು ಬೇಕಿತ್ತು ಎಂದು ನನ್ನ ಊಹೆ. ಆ ನಗೆಯಲ್ಲಿ ಭಕ್ತಿಗಿಂತ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ.

ನಾಲ್ಕನೆಯ ಸೋಮೇಶ್ವರ ಗುಡಿಗೆ ಅಬ್ಬಲೂರನ್ನೇ ಬಿಟ್ಟುಕೊಟ್ಟ.

ಕಳಚುರಿಗಳಿಂದ ರಾಜ್ಯ ಮರಳಿ ಪಡೆದ ಚಾಲುಕ್ಯನಿವನು. ಹಗೆಯ ವಂಶ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ, ಅದರ ಮೇಲೆ ಇನ್ನಷ್ಟು ಸೇರಿಸಿದ. ಹಾಗೆಯೇ ಅಮೆರಿಕದಲ್ಲಿ ಕ್ಲಿಂಟನ್ ಕಾಲದ 1998ರ ಅಂತರರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯೂ ಆಳುವ ಪಕ್ಷ ಬದಲಾದರೂ ಉಳಿದುಕೊಂಡಿದೆ.

ಹಾನಗಲ್ಲಿನ ಕದಂಬ ಕಾಮದೇವ ಗುಡಿ ನೋಡಿ, ಕಥೆ ಕೇಳಿ, ರಾಮಯ್ಯನನ್ನು ಪಾನುಂಗಲ್ಲಿಗೆ ಕರೆಸಿ, ಕಾಲು ತೊಳೆದು ಮಲ್ಲವಳ್ಳಿಯನ್ನು ಕೊಟ್ಟ.

1196ರಲ್ಲಿ ಹೊಯ್ಸಳ ವೀರಬಲ್ಲಾಳ ಇದೇ ಪಾನುಂಗಲ್ಲಿಗೆ, ಅಂದರೆ ಹಾನಗಲ್ಲಿಗೆ, ಮುತ್ತಿಗೆ ಹಾಕಿದ್ದ. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಮಂಡಲೇಶ್ವರನಿಗೆ, ತಲೆಯನ್ನೇ ಅರಿದುಕೊಂಡು ಗೆದ್ದವನ ಹರಕೆ ಒಂದು ಹಳ್ಳಿಯ ಬೆಲೆಗೆ ದುಬಾರಿಯೇನಲ್ಲ.