ಇಂಧನಸಂಕಟವೂ ಕಾರಣತ್ವವಿಚಾರವೂ

ಇಂಧನದ ಅಭಾವವು ಒದಗಿದಾಗ ಜನಾಂಗಗಳು ಕಲ್ಲಿದ್ದಲು, ತೈಲ ಮೊದಲಾದ ಪಳೆಯುಳಿಕೆ ಇಂಧನಗಳನ್ನು ಬೇಗನೆ ತೊರೆದು ಗಾಳಿ ಬಿಸಿಲುಗಳನ್ನು ಆಶ್ರಯಿಸುವುವೆಂಬ ಮಾತು ಇತ್ತೀಚಿನ ಕನ್ನಡ ಗದ್ಯದಲ್ಲಿ ಸಿದ್ಧಾಂತದಂತೆ ಬಳಕೆಗೆ ಬಂದಿರುವುದು. ‘ಸಂಕಟವು ಪರಿವರ್ತನೆಯನ್ನು ತ್ವರೆಗೊಳಿಸುತ್ತದೆ’ ಎಂಬುದು ಅದರ ಸಂಗ್ರಹರೂಪ. ಈ ವಾಕ್ಯವು ಕಿವಿಗೆ ಹಿತವಾಗಿದೆ. ಅದರ ಅರ್ಥವು ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ವಿಚಾರಿಸತಕ್ಕದ್ದು.

ಮೊದಲು ಪದವಿಚಾರ. ‘ಇಂಧನ’ವು ಉರಿಸು, ಬೆಳಗು ಎಂಬರ್ಥದ ‘ಇಂಧ್’ ಧಾತುವಿನಿಂದ ನಿಷ್ಪನ್ನವಾದುದು. ಹೋಮದ ‘ಸಮಿತ್ತು’ ಅದೇ ಧಾತುವಿನಿಂದ ಹುಟ್ಟಿದುದು. ಆದುದರಿಂದ ಹಳ್ಳಿಯ ಒಲೆಯ ಕುಳ್ಳೂ ರಾಯಚೂರಿನ ವಿದ್ಯುತ್ ಕೇಂದ್ರದ ಕಲ್ಲಿದ್ದಲೂ ಈ ಶಬ್ದಕ್ಕೆ ಸಮಾನವಾಗಿ ವಾಚ್ಯಗಳು. ಮೊದಲು ರೋಣ ತಾಲೂಕಿಗೆ ಸೇರಿದ್ದು ಇಂದು ಗಜೇಂದ್ರಗಡ ತಾಲೂಕಿನಲ್ಲಿರುವ ರಾಜೂರಿನಂತಹ ಒಣಬೇಸಾಯದ ಊರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. 2022ರ ಮೇ ತಿಂಗಳಲ್ಲಿ ಅಡಿಗೆಯ ಅನಿಲದ ಸಿಲಿಂಡರಿನ ಬೆಲೆಯು ಸಾವಿರ ರೂಪಾಯಿಯನ್ನು ಮೀರಿತು. ಅಂತಹ ಸಮಯದಲ್ಲಿ ಬಡ ಗೃಹಿಣಿಯೊಬ್ಬಳು ಸಿಲಿಂಡರನ್ನು ಬದಿಗಿರಿಸಿ ಹತ್ತಿಯ ಕಟ್ಟಿಗೆಗೂ ಕುಳ್ಳಿಗೂ ಮರಳಿದರೆ, ಪಳೆಯುಳಿಕೆ ಇಂಧನವನ್ನು ತ್ಯಜಿಸಿದವರ ಲೆಕ್ಕಕ್ಕೆ ಅವಳೂ ಸೇರುವಳು. ಲಕ್ಷಣವು ಅವಳಿಗೂ ಅನ್ವಯಿಸಿತು. ಆದರೆ ವಾದಿಗೆ ಅವಳು ಲಕ್ಷ್ಯಳಲ್ಲ. ಇದು ಸ್ಪಷ್ಟವಾದ ಅತಿವ್ಯಾಪ್ತಿ. ಹೊಗೆಯಲ್ಲಿ ಕಣ್ಣೊರಸಿಕೊಳ್ಳುವವಳನ್ನು ಮುನ್ನಡೆಯ ಉದಾಹರಣೆಯನ್ನಾಗಿ ಮಾಡುವ ಲಕ್ಷಣವನ್ನು ತಿದ್ದದೆ ವಿಚಾರವು ಮುಂದುವರಿಯಲಾರದು.

ಇನ್ನು ಕಾರಣವಿಚಾರ. ಘಟವೆಂಬ ಕಾರ್ಯಕ್ಕೆ ಮಣ್ಣು ಸಮವಾಯಿಕಾರಣ; ಚಕ್ರವನ್ನು ತಿರುಗಿಸುವ ದಂಡವು ನಿಮಿತ್ತಕಾರಣ; ಮಣ್ಣನ್ನು ಹೊತ್ತು ತಂದ ಕತ್ತೆಯು ಅನ್ಯಥಾಸಿದ್ಧ. ಪರಿವರ್ತನೆಯೆಂಬ ಕಾರ್ಯದಲ್ಲಿ ಸಂಕಟದ ಸ್ಥಾನವು ಇವುಗಳಲ್ಲಿ ಯಾವುದು?

ಪೂರ್ವಪಕ್ಷಕ್ಕೆ ಬಲವಿಲ್ಲವೆನ್ನಲಾಗದು. 1973ರ ಅಕ್ಟೋಬರದಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದ ಬಳಿಕ ಕೆಲವೇ ತಿಂಗಳುಗಳಲ್ಲಿ ಅದರ ಬೆಲೆಯು ಸುಮಾರು ನಾಲ್ಮಡಿಯಾಯಿತು. ಬಹುಪಾಲು ತೈಲವನ್ನೇ ನಂಬಿದ್ದ ಡೆನ್ಮಾರ್ಕು ಗಾಳಿಯ ಕಡೆಗೆ ತಿರುಗಿತು. ಬ್ರೆಜಿಲು 1975ರಲ್ಲಿ ಕಬ್ಬಿನ ಮದ್ಯಸಾರದ ಯೋಜನೆಯನ್ನು ಕೈಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ವು ಸ್ಥಾಪಿತವಾಯಿತು; ಕಡಮೆ ಕಟ್ಟಿಗೆಯ ಒಲೆಯೂ ಕುಣಿಗಲ್ ತಾಲೂಕಿನ ಪುರ ಗ್ರಾಮದ ಗೋಬರ್ ಅನಿಲದ ದೀಪವೂ ಅದರ ಫಲಗಳು. ಇದು ಅನ್ವಯ.

ಆದರೆ ವ್ಯಭಿಚಾರವೂ ಕಣ್ಣೆದುರಿಗಿದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ದೇಶದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುವು. ಯುದ್ಧಾನಂತರ ಪೆಟ್ರೋಲು ಮರಳಿತು, ಇದ್ದಿಲಿನ ಉಪಕರಣವು ಮಾಯವಾಯಿತು. ಬಹುಮಟ್ಟಿಗೆ ಜಲವಿದ್ಯುತ್ತನ್ನೇ ಅವಲಂಬಿಸಿದ್ದ ಕರ್ನಾಟಕವು ವಿದ್ಯುತ್ತಿನ ಅಭಾವದಿಂದ ಬಳಲಿ 1985ರಲ್ಲಿ ರಾಯಚೂರಿನ ಕಲ್ಲಿದ್ದಲಿನ ಸ್ಥಾವರವನ್ನು ಆರಂಭಿಸಿತು. ಇಲ್ಲಿ ಸಂಕಟವು ಪಳೆಯುಳಿಕೆ ಇಂಧನದಿಂದ ದೂರಕ್ಕಲ್ಲ, ಅದರ ಸಮೀಪಕ್ಕೇ ಒಯ್ದಿತು. 2022ರಲ್ಲಿ ರಷ್ಯದ ಅನಿಲವು ಕಡಮೆಯಾದಾಗ ಜರ್ಮನಿಯು ಸೌರ, ವಾಯುಶಕ್ತಿಗಳನ್ನು ಹೆಚ್ಚಿಸಲು ನಿಶ್ಚಯಿಸಿದುದೂ ನಿಂತಿದ್ದ ಕಲ್ಲಿದ್ದಲಿನ ಸ್ಥಾವರಗಳನ್ನು ಮತ್ತೆ ನಡೆಸಿದುದೂ ಒಂದೇ ಕಾಲದಲ್ಲಿ.

ಸಂಕಟವಿಲ್ಲದೆಯೂ ಕಾರ್ಯವು ಸಿದ್ಧಿಸಿರುವುದುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಯಾರೂ ತೈಲವನ್ನು ತಡೆದಿರಲಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರವು 2019ರಲ್ಲಿ ಪೂರ್ಣಗೊಂಡುದು ಸೌರಫಲಕಗಳ ಬೆಲೆ ಇಳಿದುದರಿಂದಲೂ ರೈತರ ಭೂಮಿಯನ್ನು ಗೇಣಿಗೆ ಪಡೆಯುವ ಕ್ರಮದಿಂದಲೂ.

ಹಾಗಾದರೆ ಸಂಕಟವು ಕುಂಬಾರನ ಕತ್ತೆಯೇ? ಅದೂ ಅಲ್ಲ. ಡೆನ್ಮಾರ್ಕಿನಲ್ಲಿ ಪೌಲ್ ಲ ಕೂರನು 1891ರಲ್ಲಿಯೇ ಗಾಳಿಯಿಂದ ವಿದ್ಯುತ್ತನ್ನು ಪಡೆದಿದ್ದನು. 1957ರಲ್ಲಿ ಗೆಡ್ಸರಿನ ಗಾಳಿಯಂತ್ರವು ನಿಂತಿತ್ತು. ಅಲ್ಲಿ ಮಣ್ಣು ಹದಗೊಂಡು ಚಕ್ರದ ಮೇಲಿತ್ತು. 1973ರ ದಂಡವು ತಾಗಿದೊಡನೆ ಘಟವು ರೂಪುಗೊಂಡಿತು. ಇದ್ದಿಲಿನ ಬಸ್ಸಿನ ಕಾಲದಲ್ಲಿ ಚಕ್ರವು ತಿರುಗಿತು, ಮೇಲೆ ಮಣ್ಣಿರಲಿಲ್ಲ. ಆದುದರಿಂದ ಸಂಕಟವು ನಿಮಿತ್ತಮಾತ್ರ. ಪೂರ್ವಸಿದ್ಧವಾದ ವಿದ್ಯೆ, ಸಂಸ್ಥೆ, ಧನವ್ಯವಸ್ಥೆಗಳೇ ಮಣ್ಣು.

ಗಜೇಂದ್ರಗಡದ ಗುಡ್ಡಗಳ ಮೇಲೆ ಇಂದು ತಿರುಗುವ ಗಾಳಿಯಂತ್ರಗಳೂ ಇದನ್ನೇ ಸಮರ್ಥಿಸುವುವು. ತೈಲಸಂಕಟಗಳ ತರುವಾಯ ಕೇಂದ್ರ ಸರಕಾರವು 1982ರಲ್ಲಿ ಅಸಾಂಪ್ರದಾಯಿಕ ಇಂಧನಗಳಿಗೆ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಕರ್ನಾಟಕದ ನಿಗಮವು 1996ರಲ್ಲಿ ಹುಟ್ಟಿತು. ಸಂಕಟವು ಬಂದು ಹೋದುದು ತಿಂಗಳುಗಳಲ್ಲಿ; ಸಂಸ್ಥೆಗಳು ಬೆಳೆದು ಯಂತ್ರವು ಗುಡ್ಡವನ್ನೇರಿದುದು ದಶಕಗಳಲ್ಲಿ. ಗುಡ್ಡದ ವಿದ್ಯುತ್ತು ತಂತಿಯನ್ನು ಹಿಡಿದು ದೂರಕ್ಕೆ ಹೋದರೂ ಬುಡದ ಊರಿನ ಒಲೆಯು ಅದರಿಂದ ತಾನಾಗಿ ಉರಿಯದು. ಅದಕ್ಕೆ ಬೇರೆಯ ಸಿದ್ಧತೆ ಬೇಕು. ಅದಿಲ್ಲದಿದ್ದರೆ ಮುಂದಿನ ಸಂಕಟದಲ್ಲಿಯೂ ಆ ಗೃಹಿಣಿಗೆ ಉಳಿಯುವುದು ಕುಳ್ಳೇ.

ಕನ್ನಡಕ್ಕೆ ಈ ಭೇದವನ್ನು ಹೇಳುವ ಶಕ್ತಿಯು ಕ್ರಿಯಾಪದದಲ್ಲಿಯೇ ಇದೆ. ‘ಇಸು’ ಪ್ರತ್ಯಯವು ಪ್ರೇರಣಾರ್ಥಕ. ‘ಗೊಡು’ ಎಂಬುದು ಅವಕಾಶವನ್ನು ಕೊಡುವ ಅರ್ಥದ್ದು. ಸಂಕಟವು ಪರಿವರ್ತನೆಯನ್ನು ‘ಬರಿಸಿತು’ ಎಂದರೆ ಅಭಾವವೇ ಉಪಕಾರಿಯೆಂದಾಗುವುದು, ಸಿದ್ಧತೆಗೆ ದುಡಿದವರ ಶ್ರಮವೂ ಬೆಲೆತೆತ್ತ ಬಡವರ ಕಷ್ಟವೂ ಮರೆಯಾಗುವುವು. ‘ಬರಗೊಟ್ಟಿತು’ ಎಂದರೆ, ಬರಲು ಸಿದ್ಧವಾಗಿದ್ದುದು ಯಾವುದು, ಅದನ್ನು ಸಿದ್ಧಪಡಿಸಿದವರು ಯಾರು ಎಂಬ ಪ್ರಶ್ನೆಯು ತಾನಾಗಿ ಏಳುವುದು. ಈ ವಿಷಯವನ್ನು ಬರೆಯುವವರೂ ಬೋಧಿಸುವವರೂ ಎರಡನೆಯ ಪ್ರಯೋಗವನ್ನೇ ಅಂಗೀಕರಿಸುವುದು ಯುಕ್ತ.